ಎಳ್ಳಮವಾಸ್ಯೆಯ ರಾತ್ರಿ ಕೇಳಿದ ಒಂದು ಪ್ರಶ್ನೆ



ಕಳೆದ ಎಳ್ಳಮವಾಸ್ಯೆಯಂದು ಚಿಂಚೋಳಿ ತಾಲೂಕಿನ ಭಕ್ತರೊಬ್ಬರ ಆಮಂತ್ರಣದ ಮೇರೆಗೆ ಅವರ ಹೊಲಕ್ಕೆ ನಾವು ಹೋಗಿದ್ದೆವು. ಚರಗ ಚೆಲ್ಲುವ ಕಾರ್ಯ ಮುಗಿಯಿತು. ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬುಗಳ ಪ್ರಸಾದವನ್ನು ಜೋಳದ ಬೆಳೆಯ ನಡುವೆ ಕುಳಿತು ಎಲ್ಲರೂ ಸ್ವೀಕರಿಸಿದೆವು. ಅಂದಿನ ರಾತ್ರಿ ಅವರ ಮನೆಯಲ್ಲಿಯೇ ತಂಗುವುದಾಯಿತು. ಕತ್ತಲಾಗುತ್ತಲೇ ವಿದ್ಯುತ್ತು ಹೋಯಿತು. ಒಳಗೆ ಕುಳಿತು ಮಾಡುವುದೇನೆಂದು ಮನೆಯವರೆಲ್ಲ ಮಾಳಿಗೆಯನ್ನೇರಿದರು, ನಾವೂ ಏರಿದೆವು. ಕಾಡಿನಂಚಿನ ಊರು, ಅಮಾವಾಸ್ಯೆಯ ಇರುಳು, ಮಾಗಿಯ ತಿಳಿಯಾದ ಆಕಾಶ. ವಾಡಿಯ ಮತ್ತು ಶಹಾಬಾದದ ದೀಪಗಳ ಬೆಳಕಿನಲ್ಲಿ ಬಾಳುವ ನಮಗೆ ಅಷ್ಟೊಂದು ನಕ್ಷತ್ರಗಳನ್ನು ಕಂಡು ಎಷ್ಟೋ ವರ್ಷಗಳಾಗಿದ್ದವು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಆ ಮೌನವನ್ನು ಮುರಿದವಳು ಮನೆಯ ಯಜಮಾನರ ಮೊಮ್ಮಗಳು. ವಾಡಿಯಿಂದ ಹಬ್ಬಕ್ಕೆಂದು ಬಂದವಳು. ಪಿಯುಸಿಯಲ್ಲಿ ವಿಜ್ಞಾನವನ್ನು ಓದುತ್ತಿರುವವಳು. "ಅಜ್ಜಾರ, ಒಂದು ಕೇಳ್ಲೇನ್ರಿ? ಇಷ್ಟು ದೊಡ್ಡ ಆಕಾಶದಾಗ ನಮ್ಮ ಪೂಜಿ ಯಾರಿಗಿ ಕಾಣಸ್ತದ್ರಿ? ನಾವು ಇದ್ದೀವಿ ಅಂತ ಯಾರಿಗಾದ್ರೂ ಗೊತ್ತದೇನ್ರಿ?" ಎಂದಳು. "ಹಿರೇರ ಮುಂದ ಹಂಗ ಮಾತಾಡ್ತಾರೇನವಾ!" ಎಂದು ಅಜ್ಜಿ ಗದರಿದರು. ನಾವು ಅಜ್ಜಿಯನ್ನು ತಡೆದೆವು. ಆ ಪ್ರಶ್ನೆಯಲ್ಲಿ ಅವಿನಯವಿರಲಿಲ್ಲ. ಅದಕ್ಕೆ ಹಿನ್ನೆಲೆಯೊಂದಿತ್ತೆಂಬುದು ಆಗ ನಮಗೆ ಹೊಳೆದಿರಲಿಲ್ಲ. ಅಂದು ಅರ್ಧ ಉತ್ತರವನ್ನಷ್ಟೇ ಹೇಳಿ ಬಂದೆವು; ಉಳಿದರ್ಧವನ್ನು ಈ ಪುಟದಲ್ಲಿ ಹೇಳಬೇಕಾಗಿದೆ.

ಮೊದಲು ನಮ್ಮ ಕಾಲ ಕೆಳಗಿನ ನೆಲದಿಂದಲೇ ತೊಡಗೋಣ. ಶಹಾಬಾದದ ಕಲ್ಲು ಹಾಸದ ಮನೆ ನಮ್ಮ ಭಾಗದಲ್ಲಿ ವಿರಳ. ಪಡಸಾಲೆಗೆ ಅದೇ, ಅಂಗಳಕ್ಕೆ ಅದೇ, ಮಠದ ದಾಸೋಹದ ಮನೆಗೂ ಅದೇ. ಚಿತ್ತಾಪುರ, ಶಹಾಬಾದ, ಸೇಡಂ ಸೀಮೆಯ ಗಣಿಗಳಲ್ಲಿ ಕೆಲಸಗಾರರು ಅದನ್ನು ಪುಸ್ತಕದ ಹಾಳೆ ತೆಗೆದಂತೆ ಪದರಪದರವಾಗಿ ಎಬ್ಬಿಸುತ್ತಾರೆ. ಹಾಗೆ ಏಳಲು ಕಾರಣವಿದೆ. ಒಂದಾನೊಂದು ಕಾಲದಲ್ಲಿ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರದ ಮೇಲೆ ಪದರವಾಗಿ ಕುಳಿತು, ಅದುಮಿ, ಗಟ್ಟಿಯಾಗಿ ಕಲ್ಲಾಯಿತು. ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳು ನಡೆಯುವುದೂ ಆ ಸುಣ್ಣದ ಕಲ್ಲಿನಿಂದಲೇ. ಭೂವಿಜ್ಞಾನಿಗಳ ಪ್ರಕಾರ ಅದರ ವಯಸ್ಸು 54 ಕೋಟಿ ವರ್ಷಗಳಿಗಿಂತಲೂ ಹೆಚ್ಚು. ಆಗ ಭೂಮಿಯ ಮೇಲೆ ಮರವಿರಲಿಲ್ಲ, ಹಕ್ಕಿಯಿರಲಿಲ್ಲ, ಹುಲ್ಲಿನ ಒಂದು ಎಸಳೂ ಇರಲಿಲ್ಲ. ಆ ಕಲ್ಲಿನ ಮೇಲೆ ನಾವು ಚಾಪೆ ಹಾಸಿ ಕುಳಿತು ಜೋಳದ ರೊಟ್ಟಿಯನ್ನು ಉಣ್ಣುತ್ತೇವೆ. ಅದರ ಮುಂದೆ ನಮ್ಮ ವಂಶಾವಳಿಗಳು, ನಮ್ಮ ಹೊಲದ ತಕರಾರುಗಳು ಎಷ್ಟರವು! ಚಿಂಚೋಳಿಯ ಕಡೆಯ ಕರಿಕಲ್ಲು ಇದಕ್ಕೆ ಹೋಲಿಸಿದರೆ ಮೊನ್ನೆಯದು. ಭೂಮಿಯೊಳಗಿಂದ ಉಕ್ಕಿದ ಲಾವಾರಸ ಆರಿ ಆದದ್ದು, ಸುಮಾರು 6 ಕೋಟಿ 60 ಲಕ್ಷ ವರ್ಷಗಳಷ್ಟು ಹಳೆಯದು. ಭೂಮಿಯ ವಯಸ್ಸೇ ಸುಮಾರು 454 ಕೋಟಿ ವರ್ಷ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ.

ಇದು ಕಾಲದ ಮಾತಾಯಿತು. ದೂರದ ಮಾತು ಇನ್ನೂ ಬೆರಗಿನದು. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುತ್ತದೆ. ಸೂರ್ಯನಿಂದ ನಮ್ಮಲ್ಲಿಗೆ ಸುಮಾರು 15 ಕೋಟಿ ಕಿಲೋಮೀಟರನ್ನು ಕ್ರಮಿಸಲು ಅದಕ್ಕೆ 8 ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಬೇಕು. ಆ ಹುಡುಗಿಗೆ ನಾವು ಒಂದು ಲೆಕ್ಕವನ್ನು ಹೇಳಿದೆವು. ಸೂರ್ಯನನ್ನು ಕುಗ್ಗಿಸಿ ಕುಗ್ಗಿಸಿ ಒಂದು ತೆಂಗಿನಕಾಯಿಯಷ್ಟು ಮಾಡಿ ವಾಡಿಯ ರೈಲು ನಿಲ್ದಾಣದಲ್ಲಿ ಇಟ್ಟೆವೆನ್ನೋಣ. ಆಗ ನಮ್ಮ ಭೂಮಿ, ಅದರ ಎಲ್ಲ ಕಡಲುಗಳು, ಪರ್ವತಗಳು, ರಾಜ್ಯಗಳೊಂದಿಗೆ, ಸುಮಾರು 15 ಮೀಟರು ದೂರದಲ್ಲಿ ಬಿದ್ದಿರುವ ಒಂದು ಸಣ್ಣ ಸಾಸಿವೆಯ ಕಾಳು. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ಇನ್ನೊಂದು ನಕ್ಷತ್ರ ಇದೇ ಅಳತೆಯಲ್ಲಿ ಸುಮಾರು 4000 ಕಿಲೋಮೀಟರು ದೂರ. ಕನ್ಯಾಕುಮಾರಿಯಿಂದ ಕಾಶ್ಮೀರದ ತುದಿಯವರೆಗಿನ ದಾರಿಯೂ ಅದಕ್ಕೆ ಸಾಲದು. ನಡುವೆ ಇರುವುದು ಬರಿಯ ಬಯಲು.

ತಲೆಯ ಮೇಲೆ ರೋಹಿಣಿ ಕೆಂಪಗೆ ಹೊಳೆಯುತ್ತಿತ್ತು. ಆ ನಕ್ಷತ್ರದಿಂದ ಬೆಳಕು ಬರಲು ಸುಮಾರು 65 ವರ್ಷ ಹಿಡಿಯುತ್ತದೆ. ನಾವು ಹುಟ್ಟಿದ ಕಾಲಕ್ಕೆ ಹೊರಟ ಬೆಳಕು ಅಂದು ನಮ್ಮ ಕಣ್ಣನ್ನು ಮುಟ್ಟಿತು. ಪಶ್ಚಿಮದ ಕಡೆ ಬೂದಿಯ ಚುಕ್ಕೆಯಂತೆ ಮಸುಕಾಗಿ ಕಂಡದ್ದು ಆಂಡ್ರೊಮಿಡಾ ಎಂಬ ಇನ್ನೊಂದು ನಕ್ಷತ್ರಸಮೂಹ. ಅಲ್ಲಿಂದ ಬೆಳಕು ಹೊರಟು 25 ಲಕ್ಷ ವರ್ಷಗಳಾಗಿವೆ. ನಮ್ಮ ಆಕಾಶಗಂಗೆಯೊಂದರಲ್ಲಿಯೇ ಕಡಿಮೆಯೆಂದರೂ 10 ಸಾವಿರ ಕೋಟಿ ನಕ್ಷತ್ರಗಳಿವೆಯೆಂದು ಬಲ್ಲವರು ಅಂದಾಜು ಮಾಡಿದ್ದಾರೆ. ಅಂತಹ ಸಮೂಹಗಳಿಗೂ ಎಣಿಕೆಯಿಲ್ಲ.

ಎಣಿಕೆಯಿಲ್ಲವೆಂದೆವು, ಆದರೆ ಎಣಿಕೆಗೆ ಹೆಸರಿಡುವ ಸಾಹಸವನ್ನು ನಮ್ಮ ಸೇಡಂ ತಾಲೂಕಿನ ನೆಲ ಹಿಂದೆಯೇ ಮಾಡಿದೆ. ಕಾಗಿಣಾ ನದಿಯ ದಂಡೆಯ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ 'ಕವಿರಾಜಮಾರ್ಗ' ಮೂಡಿತೆಂಬುದನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಅದೇ ಅರಸನ ಕಾಲದಲ್ಲಿ ಮಹಾವೀರಾಚಾರ್ಯನೆಂಬ ಜೈನ ಪಂಡಿತನು 'ಗಣಿತಸಾರಸಂಗ್ರಹ'ವನ್ನು ರಚಿಸಿದನೆಂಬುದು ಅಷ್ಟಾಗಿ ತಿಳಿದಿಲ್ಲ. ಒಂದು, ಹತ್ತು, ನೂರು ಎಂದು ತೊಡಗಿ ಆತನು 24 ಸ್ಥಾನಗಳಿಗೆ ಹೆಸರು ಹೇಳುತ್ತಾನೆ. ಕೊನೆಯ ಸ್ಥಾನದ ಹೆಸರು ಮಹಾಕ್ಷೋಭ. ಒಂದರ ಮುಂದೆ 23 ಸೊನ್ನೆ. ಇಂದಿನ ಖಗೋಳ ವಿಜ್ಞಾನಿಗಳು ನಮ್ಮ ದೃಷ್ಟಿಗೆ ನಿಲುಕುವ ವಿಶ್ವದಲ್ಲಿರುವ ನಕ್ಷತ್ರಗಳನ್ನು ಅಂದಾಜು ಮಾಡಿದಾಗ ಬರುವ ಸಂಖ್ಯೆ ಈ ಮಹಾಕ್ಷೋಭದ ಆಸುಪಾಸಿನಲ್ಲಿಯೇ ಇದೆ. ದೂರದರ್ಶಕವಿಲ್ಲದ ಕಾಲದಲ್ಲಿ ಮಳಖೇಡದ ಆಶ್ರಯದ ಪಂಡಿತನಿಗೆ ನಕ್ಷತ್ರಗಳ ಸಂಖ್ಯೆ ಗೊತ್ತಿತ್ತೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿ ಹೆಮ್ಮೆಪಡುವುದು ಸುಳ್ಳಾದೀತು. ಮನುಷ್ಯನ ಬುದ್ಧಿ ತನ್ನ ಮನೆ, ಹೊಲ, ಸಂತೆಗಳಿಗೆ ಬೇಕಾದಷ್ಟಕ್ಕೆ ನಿಲ್ಲದೆ ಮುಂದಕ್ಕೆ ಕೈಚಾಚಿತೆಂಬುದಷ್ಟೇ ನಮ್ಮ ಮಾತು. ಚಿತ್ತಾಪುರದ ಪಕ್ಕದ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನದಲ್ಲಿ ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಕರಿಗೂ ಭೂಮಿ ಬಿಟ್ಟ ಮಾತಿದೆ. ತಿಳಿಯುವುದನ್ನು ಅನ್ನದಷ್ಟೇ ಅಗತ್ಯವೆಂದು ಬಗೆದ ಸೀಮೆ ಇದು.

ಇಷ್ಟಾದರೂ ತಿಳಿದಿರುವುದು ಅತ್ಯಲ್ಪ. ನಾವು ಕಾಣುವ ಮಣ್ಣು, ನೀರು, ಗಾಳಿ, ನಕ್ಷತ್ರಗಳೆಲ್ಲ ಸೇರಿ ವಿಶ್ವದ ನೂರರಲ್ಲಿ ಐದು ಪಾಲು ಮಾತ್ರ. ಉಳಿದ 95 ಪಾಲು ಏನೆಂಬುದು ವಿಜ್ಞಾನಿಗಳಿಗೂ ಇನ್ನೂ ತಿಳಿದಿಲ್ಲ. ಅದಕ್ಕೆ ಕಪ್ಪುದ್ರವ್ಯ, ಕಪ್ಪುಶಕ್ತಿ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟ ಮಾತ್ರಕ್ಕೆ ಅರಿತಂತಲ್ಲವೆಂದು ಅವರೇ ಒಪ್ಪುತ್ತಾರೆ. ಅರಿಯದುದನ್ನು ಅರಿಯೆವೆನ್ನುವ ಈ ಪ್ರಾಮಾಣಿಕತೆಯನ್ನು ಧರ್ಮದ ಹೆಸರಿನಲ್ಲಿ ಮಾತನಾಡುವ ನಾವೂ ಕಲಿಯಬೇಕಾಗಿದೆ.

ಇಷ್ಟನ್ನು ಕೇಳಿದ ಹುಡುಗಿ, "ಹಂಗಾದ್ರ ನಾವು ಏನೂ ಅಲ್ಲ ಅಂದಂಗಾಯ್ತಲ್ರಿ" ಎಂದಳು. ಆಮೇಲೆ ತನ್ನ ಪಕ್ಕದಲ್ಲಿ ಕುಳಿತಿದ್ದ ತಮ್ಮನ ತಲೆಯ ಮೇಲೆ ಕೈಯಿಟ್ಟು, ಸಣ್ಣ ದನಿಯಲ್ಲಿ, "ಏನೂ ಅಲ್ಲದವ್ರಿಗಿ ಆಕಾಶ ಯಾಕ ಶಿಕ್ಷಾ ಕೊಡ್ತದ್ರಿ? ಇವನ್ನ ಯಾಕ ಹುಗದ್ರಿ?" ಎಂದು ಕೇಳಿದಳು.

ಆಗ ನಮಗೆ ನೆನಪಾಯಿತು. ಆ ಹುಡುಗನಿಗೆ ಹುಟ್ಟಿನಿಂದಲೇ ಕಾಲುಗಳಲ್ಲಿ ಬಲವಿಲ್ಲ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾಯಿತು, ಅಂದೂ ಎಳ್ಳಮವಾಸ್ಯೆಯೇ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಅದು ಕಂಕಣವಾಗಿ ಕಂಡಿತು. ನಮ್ಮ ಕಡೆ ಪಾರ್ಶ್ವಗ್ರಹಣ, ಬೆಳಗಿನ ಎಂಟು ಗಂಟೆಯಿಂದ ಹನ್ನೊಂದರವರೆಗೆ. ಗ್ರಹಣಕಾಲದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹುಗಿದರೆ ಕೈಕಾಲು ಬರುವುವೆಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಉಳಿದುಕೊಂಡಿದೆ. ಅಂದು ಕಲಬುರಗಿಗೆ ಸಮೀಪದ ಗ್ರಾಮವೊಂದರಲ್ಲಿ ಹಾಗೆ ಮಕ್ಕಳನ್ನು ಹುಗಿದುದನ್ನು ನಾಡೆಲ್ಲ ಪತ್ರಿಕೆಗಳಲ್ಲಿ ಓದಿ ತಲೆತಗ್ಗಿಸಿತು. ಪತ್ರಿಕೆಗೆ ಬಾರದೆ ನಡೆದುದೂ ಉಂಟು. ಈ ಹುಡುಗನದು ಅಂಥದೊಂದು. ಆಗ ಅವನಿಗೆ ಐದು ವರ್ಷ. ಹಿಂದಿನ ದಿನ ಅಜ್ಜಿ ನಮಗೆ ಫೋನು ಮಾಡಿ, "ಎಲ್ಲಾರೂ ಹುಗೀರಿ ಅಂತಾರ್ರಿ, ನೀವೇನಂತೀರಿ?" ಎಂದು ಕೇಳಿದ್ದರು. ನಾವು, "ಅದು ನಿಮ್ಮ ಮನೆತನದ ನಂಬಿಕೆ, ನಾವು ನಡುವೆ ಬರುವುದಿಲ್ಲ" ಎಂದುಬಿಟ್ಟೆವು. ಬೇಡವೆಂದು ಹೇಳಿದ್ದರೆ ಆ ತಾಯಿ ಬಿಡುತ್ತಿದ್ದರು, ಅದಕ್ಕಾಗಿಯೇ ಕೇಳಿದ್ದರು. ಆ ಮಗು ಚಳಿಯ ಮಣ್ಣಿನಲ್ಲಿ ಮೂರು ಗಂಟೆ ಅತ್ತಿತಂತೆ. ಹನ್ನೊಂದು ವರ್ಷದ ಅಕ್ಕ ಅದರ ತಲೆಯನ್ನು ಹಿಡಿದು ಕುಳಿತಿದ್ದಳಂತೆ. ಆಕೆಯ ಪ್ರಶ್ನೆ ಆ ಗುಂಡಿಯ ಅಂಚಿನಲ್ಲಿ ಹುಟ್ಟಿದುದು. ಅದರಲ್ಲಿ ನಮ್ಮ ಪಾಲೂ ಇದೆಯೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇವೆ.

ಇದು ನಮ್ಮ ಮೊದಲನೆಯ ಮೌನವೂ ಅಲ್ಲ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣವು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ನಾವಾಗ ಮಠವೊಂದರಲ್ಲಿ ಅಧ್ಯಯನದಲ್ಲಿದ್ದೆವು. ಮಧ್ಯಾಹ್ನವೇ ಬಾಗಿಲು ಕಿಟಕಿಗಳು ಮುಚ್ಚಿದವು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಿರಿಯ ವಿದ್ಯಾರ್ಥಿಯೊಬ್ಬ, "ಲಿಂಗ ಕಟ್ಟಿದವ್ರಿಗಿ ಸೂತಕ ಇಲ್ಲ ಅಂತ ನಿನ್ನೆ ಪಾಠ ಆಯ್ತು. ಮತ್ತ ಬಾಗಿಲಾ ಯಾಕ ಹಾಕೀವಿ?" ಎಂದು ಕೇಳಿದ. ಉತ್ತರ ತಿಳಿಯದೆ ನಾವು ಅವನನ್ನು ಬೈದೆವು. ಅದೇ ಹೊತ್ತಿಗೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ನಮ್ಮ ದೇಶದ ಖಗೋಳ ವಿಜ್ಞಾನಿಗಳು ಉಪಕರಣಗಳನ್ನು ಹೂಡಿ ಸೂರ್ಯನ ಪ್ರಭಾವಲಯವನ್ನು ಅಭ್ಯಸಿಸುತ್ತಿದ್ದರೆಂಬುದು ನಮಗೆ ಎಷ್ಟೋ ಕಾಲದ ಮೇಲೆ ತಿಳಿಯಿತು.

ಇನ್ನೂ ಹಿಂದಿನ ಮಾತನ್ನು ಹೇಳೋಣ. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತನು ಜಮಖಂಡಿಯಲ್ಲಿ ಬೀಡುಬಿಟ್ಟಿದ್ದನು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ ಆತ. ಫ್ರಾನ್ಸಿನ ಜಾನ್ಸೆನ್ ಎಂಬ ವಿಜ್ಞಾನಿ ಕಡಲು ದಾಟಿ ಗುಂಟೂರಿಗೆ ಬಂದಿದ್ದನು. ಗ್ರಹಣದ ಕೆಲವೇ ನಿಮಿಷಗಳಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಅವರು ಬಿಡಿಸಿ ನೋಡಿದರು. ಜ್ವಾಲೆಗಳು ಉರಿಯುವ ಅನಿಲದವೆಂದು ತಿಳಿಯಿತು. ಆ ಬೆಳಕಿನಲ್ಲಿದ್ದ ಹಳದಿ ಗೆರೆಯೊಂದು ಹೀಲಿಯಂ ಎಂಬ ಹೊಸ ಮೂಲವಸ್ತುವಿನದೆಂಬ ತಿಳಿವು ಮುಂದೆ ಬಂದಿತು. ಭೂಮಿಯ ಮೇಲೆ ಆ ವಸ್ತುವು ಕೈಗೆ ಸಿಕ್ಕಿದ್ದು 1895ರಲ್ಲಿ. ಸೂರ್ಯನಲ್ಲಿ ಕಂಡ 27 ವರ್ಷಗಳ ಮೇಲೆ. ಒಂದೇ ನೆರಳು. ಅದರ ಕೆಳಗೆ ಕೆಲವರು ಕಣ್ಣು ತೆರೆದರು. ಕೆಲವರು ಬಾಗಿಲು ಮುಚ್ಚಿದರು.

ಗ್ರಹಣವೆಂದರೆ ನೆರಳೇ ಹೊರತು ಬೇರೇನೂ ಅಲ್ಲ. ಸೂರ್ಯನ ವ್ಯಾಸ ಚಂದ್ರನದಕ್ಕಿಂತ ಸುಮಾರು 400 ಪಟ್ಟು; ಸೂರ್ಯನ ದೂರವೂ ಚಂದ್ರನದಕ್ಕಿಂತ ಸುಮಾರು 400 ಪಟ್ಟು. ಆದುದರಿಂದ ಎರಡೂ ನಮ್ಮ ಕಣ್ಣಿಗೆ ಒಂದೇ ಗಾತ್ರದವಾಗಿ ತೋರುತ್ತವೆ. ಒಂದರ ಮುಂದೊಂದು ಬಂದಾಗ ಮರೆಯಾಗುತ್ತದೆ. ಅಡಿಗೆಯ ಮನೆಯ ಅನ್ನಕ್ಕಾಗಲಿ, ಬಸುರಿಯ ಒಡಲಿಗಾಗಲಿ, ಮಗುವಿನ ಕಾಲಿಗಾಗಲಿ ಆ ನೆರಳಿನಿಂದ ಕೇಡೂ ಇಲ್ಲ, ಲಾಭವೂ ಇಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಿದರೆ ಕಣ್ಣಿಗೆ ಹಾನಿಯುಂಟು; ಅದು ಗ್ರಹಣವಿಲ್ಲದ ದಿನವೂ ಉಂಟು. ಜನನ, ಮರಣ, ಜಾತಿ, ರಜಸ್ಸು, ಉಚ್ಛಿಷ್ಟಗಳೆಂಬ ಪಂಚಸೂತಕಗಳನ್ನೇ 12ನೆಯ ಶತಮಾನದಲ್ಲಿ ಶರಣರು ಕಿತ್ತೊಗೆದರು. ಮೈಮೇಲಿನ ಸೂತಕವನ್ನೇ ಒಪ್ಪದವರ ಮಕ್ಕಳು ಲಕ್ಷಾಂತರ ಕಿಲೋಮೀಟರು ಆಚೆಯ ನೆರಳಿಗೆ ಹೆದರಿ ಕೂಸನ್ನು ಮಣ್ಣಿಗಿಳಿಸುವುದು ಎಂತಹ ವಿಪರ್ಯಾಸ!

ಈಗ ಹುಡುಗಿಯ ಮೊದಲನೆಯ ಪ್ರಶ್ನೆಗೆ ಬರೋಣ. ನಾವು ಏನೂ ಅಲ್ಲವೆ? ಗಾತ್ರದಿಂದ ಅಳೆದರೆ ಹೌದು. ಇದನ್ನು ಕೇಳಿ ಎರಡು ಬಗೆಯಾಗಿ ತಪ್ಪುವುದುಂಟು. ಇಷ್ಟು ದೊಡ್ಡ ಆಕಾಶವೆಲ್ಲ ನಮ್ಮ ಮದುವೆ, ವ್ಯಾಪಾರ, ರೋಗಗಳನ್ನು ನಡೆಸಲೆಂದೇ ತಿರುಗುತ್ತಿದೆಯೆಂದು ಭಾವಿಸುವುದು ಒಂದು. ಅದು ಭಯದ ವೇಷ ತೊಟ್ಟ ಅಹಂಕಾರ. ಇಷ್ಟು ದೊಡ್ಡದರಲ್ಲಿ ನಮ್ಮ ನಡೆನುಡಿಗೆ ಬೆಲೆಯೇನೆಂದು ಕೈಚೆಲ್ಲುವುದು ಇನ್ನೊಂದು. ಅದು ವಿನಯದ ವೇಷ ತೊಟ್ಟ ಸೋಮಾರಿತನ. ಅಳತೆಗೆ ಸಿಲುಕದುದು ಅಂಗೈಯ ಲಿಂಗವಾಗಿ ಬಂದಿತೆಂಬ ಭಾವದ ಬಸವಣ್ಣನವರ ವಚನ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಅದರ ಅರ್ಥ ಆಕಾಶ ಚಿಕ್ಕದೆಂದಲ್ಲ. ಬಯಲನ್ನು ಅರಿಯಬಲ್ಲ ಅರಿವು ಚಿಕ್ಕ ಅಂಗದಲ್ಲಿಯೇ ಇದೆಯೆಂದು. ಪೂಜೆ ಆಕಾಶಕ್ಕೆ ಕಾಣಲೆಂದು ಮಾಡುವುದಲ್ಲ. ಅದು ನಮ್ಮ ಕಣ್ಣನ್ನು ತೊಳೆಯಲೆಂದು ಮಾಡುವುದು. ತೊಳೆದ ಕಣ್ಣಿಗೆ ಎದುರಿನ ಕೂಸಿನ ಅಳು ಕಾಣದಿದ್ದರೆ ಆ ಪೂಜೆ ಪೂರ್ಣವಾಗಲಿಲ್ಲ.

1977ರ ಸೆಪ್ಟೆಂಬರ್ 5ರಂದು ಅಮೆರಿಕದವರು ವಾಯೇಜರ್-1 ಎಂಬ ನೌಕೆಯನ್ನು ಹಾರಿಸಿದರು. ಅದರಲ್ಲೊಂದು ಚಿನ್ನದ ಲೇಪನದ ಧ್ವನಿಮುದ್ರಿಕೆಯಿದೆ; ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ಹೇಳಿದ ನಮಸ್ಕಾರವೊಂದು ಇಂದು ಸುಮಾರು 2500 ಕೋಟಿ ಕಿಲೋಮೀಟರು ದೂರದ ಬಯಲಿನಲ್ಲಿ ಸಾಗುತ್ತಿದೆ. 1990ರ ಫೆಬ್ರವರಿ 14ರಂದು ಅದೇ ನೌಕೆ ಸುಮಾರು 600 ಕೋಟಿ ಕಿಲೋಮೀಟರು ದೂರದಿಂದ ಹಿಂದಿರುಗಿ ನೋಡಿ ಭೂಮಿಯ ಚಿತ್ರವನ್ನು ತೆಗೆಯಿತು. ಒಂದು ಧೂಳಿನ ಕಣದಷ್ಟು ಚುಕ್ಕೆ. ಅದು ಹೋಗುವ ವೇಗದಲ್ಲಿ ಅತಿ ಹತ್ತಿರದ ನಕ್ಷತ್ರದಷ್ಟು ದೂರವನ್ನು ಕ್ರಮಿಸಲು 70 ಸಾವಿರ ವರ್ಷಗಳಿಗೂ ಹೆಚ್ಚು ಬೇಕು. ಆ ನಮಸ್ಕಾರವನ್ನು ಯಾರಾದರೂ ಕೇಳುವರೋ ಇಲ್ಲವೋ ತಿಳಿಯದು. ಆದರೂ ಮನುಷ್ಯನು ಹೇಳಿ ಕಳುಹಿಸಿದನು. ಇದೂ ಒಂದು ಬಗೆಯ ಪೂಜೆಯೆಂದೇ ನಮಗೆ ತೋರುತ್ತದೆ.

ಅಂದು ಮಾಳಿಗೆಯ ಮೇಲೆ ಆ ಹುಡುಗ ರೋಹಿಣಿಯತ್ತ ಬೆರಳು ತೋರಿ, "ಅಕ್ಕಾ, ಅದು ನನ್ನ ನೋಡ್ಲಾಕತ್ತದೇನು?" ಎಂದು ಕೇಳಿದ. ನಾವೇ ಹೇಳಿದೆವು: "ಇಲ್ಲಪ್ಪಾ, ಅದಕ್ಕ ಕಣ್ಣಿಲ್ಲ. ನೀನು ಅದನ್ನ ನೋಡ್ಲಾಕತ್ತಿ." ಅವನು ನಕ್ಕ. 65 ವರ್ಷ ನಡೆದು ಬಂದ ಬೆಳಕಿಗೆ ಆ ಹೊತ್ತು ಆ ಮಗುವಿನ ಕಣ್ಣೇ ನೆಲೆಯಾಯಿತು. ಅವನೀಗ ಶಾಲೆಗೆ ಹೋಗುತ್ತಿದ್ದಾನೆ. ಫಿಜಿಯೋಥೆರಪಿಯಿಂದ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾನೆ. ಆ ಹೆಜ್ಜೆಗಳನ್ನು ಕೊಟ್ಟುದು ಗ್ರಹಣವಲ್ಲ; ದಿನವೂ ಅವನ ಕಾಲುಗಳನ್ನು ತೀಡಿದ ತಾಯಿಯ ಕೈ.

2027ರ ಆಗಸ್ಟ್ 2ರಂದು ಮತ್ತೊಂದು ಸೂರ್ಯಗ್ರಹಣವಿದೆ. ಈಜಿಪ್ಟ್, ಅರೇಬಿಯಾಗಳಲ್ಲಿ ಖಗ್ರಾಸ, ನಮ್ಮಲ್ಲಿ ಪಾರ್ಶ್ವ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ತಾಯಿತಂದೆಗಳಲ್ಲಿ ನಮ್ಮದೊಂದು ಬಿನ್ನಹ. ಅಂದು ಬಾಗಿಲು ತೆರೆದಿಡಿರಿ. ಒಲೆ ಹೊತ್ತಿಸಿರಿ, ಹಸಿದವರಿಗೆ ಉಣಬಡಿಸಿರಿ. ಗ್ರಹಣ ನೋಡುವ ಕನ್ನಡಕವನ್ನು ತಂದು ಮಕ್ಕಳಿಗೆ ತೋರಿಸಿರಿ. ಕಾಲಿಲ್ಲದ ಮಗುವನ್ನು ಹೆಗಲ ಮೇಲೆ ಹೊತ್ತು ತಂದು ಮೊದಲು ಅವನಿಗೆ ತೋರಿಸಿರಿ. ಯಾರಾದರೂ ಗುಂಡಿ ತೋಡಬೇಕೆಂದರೆ ಬೇಡವೆನ್ನಿರಿ. ನಮ್ಮನ್ನು ಕೇಳಿದರೆ ಈ ಸಲ ನಾವೂ ಬೇಡವೆನ್ನುವೆವು, ಗಟ್ಟಿಯಾಗಿ ಹೇಳುವೆವು.